ಕಿಡಕಿಯ ಹಿಂದಿನ ಶ್ರೀ

ಇವತ್ತು ಬೆಳಿಗ್ಗೆ ಚಹಾ ಇನ್ನೂ ಅರ್ಧ ಲೋಟ ಉಳಿದಿರುವಾಗಲೇ ನನಗೆ ಸಿಟ್ಟು ಬಂತು. ಸಿಟ್ಟು ಬರುವುದು ನನಗೆ ಹೊಸದಲ್ಲ. ಮನೆಯವರು ಅದನ್ನು ರೇಡಿಯೋದ ಹವಾಮಾನ ವರದಿಯ ಹಾಗೆ ಕೇಳಿ ಸುಮ್ಮನಾಗುತ್ತಾರೆ. ಇವತ್ತಿನದು ಮಾತ್ರ ಚಹಾ ಆರಿ ಕೆನೆ ಕಟ್ಟಿದರೂ ಇಳಿಯಲಿಲ್ಲ. ನಮ್ಮ ಸಂಸ್ಥೆಯ ಹಳೆಯ ಹೊಸ ನೌಕರರೆಲ್ಲ ಸೇರಿದ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹೊಸಬರೊಬ್ಬರು ಎಲ್ಲಿಂದಲೋ ಬಂದ ನಗೆಹನಿಯೊಂದನ್ನು ಹಾಕಿದ್ದರು. ಬೈಲಹೊಂಗಲ ಕಡೆಯ ಒಬ್ಬ ಕ್ಲಾರ್ಕ್ ಸರ್ವರಿನ ಒಳಗೆ 'ಶ್ರೀ' ಎಂದು ಬರೆದನಂತೆ, ಸರ್ವರ್ ಅಲ್ಲೇ ಶಿವಪೂಜೆಗೆ ಕುಳಿತುಬಿಟ್ಟಿತಂತೆ. ಅದರ ಕೆಳಗೆ ನಗುವ ಮುಖಗಳು ಹದಿನೇಳು, ಎಣಿಸಿದೆ. ಹದಿನೇಳರ ಕೆಳಗೆ ಒಂದೇ ಒಂದು ಕೈಮುಗಿದ ಚಿತ್ರ. ಹಾಕಿದವರು ಅಡಿವೆಪ್ಪ ಕಾಕಾ.

ಆ ಕ್ಲಾರ್ಕ್ ಅವರೇ.

ಓದಿ ನೀವೂ ನಕ್ಕಿರಬಹುದು. ನಕ್ಕಿದ್ದರೆ ನಿಮ್ಮ ತಪ್ಪಲ್ಲ, ಹೇಳಿದ ಧಾಟಿಯೇ ಹಾಗಿದೆ. ಆದರೆ ಅದು ಹಸಿ ಸುಳ್ಳು. ಸುಳ್ಳೆಂದು ಖಚಿತವಾಗಿ ಗೊತ್ತಿರುವವರು ಇಬ್ಬರು. ಒಬ್ಬರು ಇವತ್ತು ಕೈಮುಗಿದು ಸುಮ್ಮನಾದರು. ಇನ್ನೊಬ್ಬಳು ನಾನು, ಇಪ್ಪತ್ತು ವರ್ಷದಿಂದ ಸುಮ್ಮನಿದ್ದೇನೆ. ಮೂರನೆಯವನೊಬ್ಬನಿಗೂ ಗೊತ್ತಿರಬೇಕು. ಅವನ ವಿಷಯಕ್ಕೆ ಬರುತ್ತೇನೆ, ಬಿಡುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ದಿನವೂ ನೇಸರಗಿಯಿಂದ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋಗಿ ಒಂದು ಶಿಕ್ಷಣ ಸಂಸ್ಥೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ಚೇರ್ಮನ್ನರು ಸಹಿ ಹಾಕಿದರೆ ಮುಂದುವರಿಯುವ ನೌಕರಿ. ಕಲಿಸುವಷ್ಟು ನನಗೇ ಗೊತ್ತಿತ್ತೇ ಎಂದು ಕೇಳಬೇಡಿ. ಅಂದಿನ ಪಾಠವನ್ನು ಬಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ಸೀಟು ಸಿಗದೆ ನಿಂತು ಹೋದ ದಿನ ಹುಡುಗರಿಗೆ ಪಾಠ ಸ್ವಲ್ಪ ಕಡಿಮೆ ಬೀಳುತ್ತಿತ್ತು.

ಸಂಸ್ಥೆಗೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿದ್ದವು. ಹುಡುಗಿಯರ ವಸತಿನಿಲಯ ಮಾತ್ರ ಬೈಲಹೊಂಗಲದಲ್ಲಿ. ಪ್ರತಿ ಜೂನ್ ತಿಂಗಳಲ್ಲಿ ನಿಲಯಕ್ಕೆ ಆಯ್ಕೆಯಾದವರ ಯಾದಿ ನೋಟೀಸ್ ಬೋರ್ಡಿಗೆ ಹತ್ತುತ್ತಿತ್ತು. ಅದನ್ನು ನೋಡಲು ರಾಮದುರ್ಗದ ಹುಡುಗಿ ಅಪ್ಪನನ್ನೋ ಅಣ್ಣನನ್ನೋ ಕಟ್ಟಿಕೊಂಡು ಎರಡು ಬಸ್ಸು ಹತ್ತಿ ಬರಬೇಕು. ಹೆಸರು ಇಲ್ಲದಿದ್ದರೆ ಅಳುತ್ತ ಅದೇ ಎರಡು ಬಸ್ಸು ಹತ್ತಿ ವಾಪಸು ಹೋಗಬೇಕು. ಈ ಫಜೀತಿ ತಪ್ಪಿಸಲೆಂದೇ ಸರ್ವರ್ ಬಂತು. ಯಾದಿ ಅದರಲ್ಲಿ ಇರುತ್ತದೆ, ಶಾಖೆಯವರು ತಮ್ಮೂರಿನಲ್ಲೇ ಟೆಲಿಫೋನ್ ತಂತಿಯ ಮೂಲಕ ತೆಗೆದು ನೋಡುತ್ತಾರೆ, ಹುಡುಗಿ ತನ್ನ ಊರಲ್ಲೇ ನಗಬಹುದು ಅಥವಾ ಅಳಬಹುದು. ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಕಂಪ್ಯೂಟರ್ ಬಳಸಿದ್ದನ್ನು ನಾನು ಆಮೇಲೂ ಹೆಚ್ಚು ನೋಡಿಲ್ಲ.

ಸರ್ವರಿಗೆ ಒಂದು ಕೋಣೆ, ಬಾಗಿಲಿಗೆ ಪರದೆ, ಪರದೆಯ ಹೊರಗೆ ಚಪ್ಪಲಿ ಬಿಡುವ ನಿಯಮ. ಕೂಡಿಸಿಕೊಟ್ಟವನು ಹುಬ್ಬಳ್ಳಿಯ ಒಂದು ಕಂಪನಿಯ ಇಂಜಿನಿಯರ್. ಕಂಪನಿಯ ಹೆಸರು ಹೇಳುವುದಿಲ್ಲ, ಅವನ ಹೆಸರು ಹೇಳಲು ನಾಲಿಗೆ ಏಳುವುದಿಲ್ಲ. ಉದ್ಘಾಟನೆಯ ದಿನ ಮಾನಿಟರಿಗೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದವನು ಅವನೇ. ಕಾಯಿಯ ನೀರು ಕೀಬೋರ್ಡಿನ ಅಂಚಿಗೆ ಸಿಡಿದಿತ್ತು, ನಾನು ಓಡಿಹೋಗಿ ಸೆರಗಿನಿಂದ ಒರೆಸಿದ್ದೆ. ಇದನ್ನು ನೀವು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಆ ಯಂತ್ರದಲ್ಲಿ ಲಿನಕ್ಸ್ ಇತ್ತು. ಅದರ ಮೇಲೆ ವೆಬ್ ಸರ್ವರ್, ಅಂದರೆ ಯಾರು ಯಾವ ಪುಟ ಕೇಳಿದರೂ ಎತ್ತಿಕೊಡುವ ಗುಮಾಸ್ತ. ಅವನಿಗೆ ಬರೆದಿಟ್ಟದ್ದನ್ನು ಎತ್ತಿಕೊಡುವುದಷ್ಟೇ ಗೊತ್ತು. ಕೇಳಿದವರ ಶಾಖೆ ಯಾವುದು ಎಂದು ನೋಡಿ, ಅಲ್ಲಿನ ಹೆಸರುಗಳನ್ನು ಹುಡುಕಿ ಯಾದಿ ಕಟ್ಟಿಕೊಡಬೇಕಾದರೆ ಪಿಎಚ್‌ಪಿ ಎಂಬ ಬೇರೊಂದು ಭಾಷೆಯಲ್ಲಿ ಹೇಳಬೇಕು. ಆ ಭಾಷೆ ಗುಮಾಸ್ತನಿಗೆ ಬಾರದು. ಅದಕ್ಕಾಗಿ ಪಕ್ಕದಲ್ಲಿ ಒಬ್ಬ ದುಭಾಷಿಯನ್ನು ಕೂಡಿಸುತ್ತಾರೆ, ಅದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಯಂತ್ರ ಚಾಲೂ ಆದಾಗ ದುಭಾಷಿಯನ್ನು ಕರೆಯಬೇಕು ಎಂಬ ಅಪ್ಪಣೆ ಒಂದು ದೊಡ್ಡ ಫೈಲಿನಲ್ಲಿ ಒಂದು ಸಾಲಾಗಿ ಇರುತ್ತದೆ. ಇಷ್ಟು ತಿಳಿದರೆ ಸಾಕು, ಅವತ್ತು ನನಗೂ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಈಗ ಅಡಿವೆಪ್ಪ ಕಾಕಾ. ಹೆಡ್ ಕ್ಲಾರ್ಕ್, ಐವತ್ತೈದು ದಾಟಿದವರು, ಸಂಪಗಾಂವದಿಂದ ಸೈಕಲ್ ಮೇಲೆ ಬರುತ್ತಿದ್ದರು. ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ಕಿಸೆಯಲ್ಲಿ ಕೆಂಪು ಪೆನ್ಸಿಲ್. ಸಂಸ್ಥೆಯ ಆವಕ ಜಾವಕ ರಿಜಿಸ್ಟರು, ಅಂದರೆ ಬಂದ ಹೋದ ಕಾಗದಗಳ ದಾಖಲೆ, ಅವರ ಕೈಯಲ್ಲಿತ್ತು. ಅವರು ಏನೇ ಬರೆಯಲಿ, ಕಾಗದದ ನೆತ್ತಿಯ ನಟ್ಟನಡುವೆ ಮೊದಲು ಒಂದು ಶ್ರೀ ಬೀಳಬೇಕು. ರಜೆ ಅರ್ಜಿಗೆ ಶ್ರೀ, ಸೀಮೆಸುಣ್ಣ ತರಲು ಕೊಟ್ಟ ಚೀಟಿಗೆ ಶ್ರೀ. ಒಮ್ಮೆ 'ಈ ನಲ್ಲಿ ಕೆಟ್ಟಿದೆ' ಎಂಬ ಫಲಕಕ್ಕೂ ಶ್ರೀ ಬರೆದು ನಲ್ಲಿಗೆ ತೂಗುಹಾಕಿದ್ದರು. ನಗಬೇಕೆನ್ನಿಸಿದರೆ ನನ್ನನ್ನೂ ಸೇರಿಸಿಕೊಂಡು ನಗಿ. ನಾನು ಏಳನೆಯ ಇಯತ್ತೆಯವರೆಗೆ ಗಣಿತದ ಪ್ರತಿ ಲೆಕ್ಕದ ಮೇಲೂ ಶ್ರೀ ಬರೆದವಳು, ಲೆಕ್ಕ ತಪ್ಪುವುದು ಅದರಿಂದ ನಿಲ್ಲಲಿಲ್ಲ. ನಮ್ಮ ಕಡೆ ಖಾಲಿ ಹಾಳೆಗೆ ಹಾಗೇ ಕೈಹಚ್ಚಿದರೆ ಮುಖ ತೊಳೆಯದೆ ಊಟಕ್ಕೆ ಕುಳಿತ ಹಾಗೆ ಅನಿಸುತ್ತದೆ.

ಯಾದಿಯ ಹೆಸರುಗಳನ್ನು ಸರ್ವರಿಗೆ ತುಂಬುವ ಕೆಲಸ ಕಾಕಾಗೆ ಬಂತು. ಬೇರೆಯವರಾದರೆ ವಯಸ್ಸಿನ ನೆವ ಹೇಳುತ್ತಿದ್ದರು. ಇವರು ಊಟದ ಬಿಡುವಿನಲ್ಲಿ ಡಬ್ಬಿ ಮುಗಿಸಿ ಕೈತೊಳೆದು, ಹೊಸ ನೋಟುಬುಕ್ಕು ಹಿಡಿದು ನನ್ನ ಮುಂದೆ ಕುಳಿತರು. ಆ ದೊಡ್ಡ ಫೈಲನ್ನೂ ತೋರಿಸಿ ಎಂದರು. ತೋರಿಸಿದೆ. ಸಾಲುಗಳ ಮುಂದೆ ಅಲ್ಲಲ್ಲಿ ಎರಡು ಅಡ್ಡ, ಎರಡು ಉದ್ದ ಗೆರೆಯ ಗುರುತಿತ್ತು. ಫೋನಿನ ಮೇಲೆ ಈಗ ಹ್ಯಾಶ್ ಎಂದು ಒತ್ತುತ್ತೀರಲ್ಲ, ಅದೇ.

"ಇದೇನ್ರಿ ಅಕ್ಕೋರ, ಕಿಡಕಿ ಗಜ ಇದ್ದಂಗ ಐತಿ?"

"ಅದು ಮುಂದ ಇದ್ದ ಸಾಲನ್ನ ಮಶೀನ್ ಓದೂದಿಲ್ಲ ಕಾಕಾ. ಅದು ಮಂದಿ ಓದಾಕ ಅಷ್ಟ."

ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಅಂದ್ರ ಕಿಡಕಿ ಹಿಂದ ಏನ ಬರದ್ರೂ ಮಶೀನಿಗೆ ತ್ರಾಸ ಇಲ್ಲ."

"ಇಲ್ರಿ."

"ಹಂಗಾದ್ರ ಶ್ರೀ ಬರಿಯಾಕ ಅಡ್ಡಿ ಇಲ್ಲ ಅಂದಂಗಾತು."

ನಾನು ನಕ್ಕು ಬರೆಯಿರಿ ಎಂದೆ. ಅವರು ಮೊದಲ ಸಾಲಿನಲ್ಲಿ ಕಿಡಕಿ ಹಾಕಿ, ಅದರ ಹಿಂದೆ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದು ಕೀಲಿಯನ್ನು ಹುಡುಕಿ ಹುಡುಕಿ ಶ್ರೀ ಎಂದು ಒತ್ತಿದರು. ಆಮೇಲೆ ಇಡೀ ಫೈಲನ್ನು ಅಂಚಿಗೆ ತೂತಿರುವ ಉದ್ದ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮಡಚಿ ದಾರ ಕಟ್ಟಿ ಕಪಾಟಿನಲ್ಲಿಟ್ಟರು. ಅಸಲು ಇದ್ದರೆ ನಕಲು ಇರಬೇಕು ಎನ್ನುವುದು ಅವರ ನಿಯಮ. ಇನ್ನೊಂದು ನಿಯಮವೂ ಇತ್ತು. ಅಸಲು ನಕಲು ತಾಳೆ ನೋಡುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಟಿಕ್ ಹಾಕಬೇಕು, ಕೆಳಗೆ ಓದಿದವರು, ತಾಳೆ ನೋಡಿದವರು ಎಂದು ಇಬ್ಬರ ಸಹಿ ಬೀಳಬೇಕು. ಒಂದೇ ಸಹಿಯ ತಾಳೆಯನ್ನು ಅವರು ಕಾಗದವೆಂದೇ ಎಣಿಸುತ್ತಿರಲಿಲ್ಲ.

ಆ ಶ್ರೀಯೊಂದಿಗೆ ಸರ್ವರ್ ಎಂಟು ತಿಂಗಳು ನಡೆಯಿತು. ದಿನಾ ಕರೆಂಟು ಹೋಗುತ್ತಿತ್ತು, ದಿನಾ ಬರುತ್ತಿತ್ತು, ಯಂತ್ರ ದಿನಾ ಆ ಫೈಲನ್ನು ಓದಿ ಕಣ್ಣು ಬಿಡುತ್ತಿತ್ತು. ಒಂದು ದಿನವೂ ಕೊಸರಲಿಲ್ಲ.

ಜೂನ್ ಬಂತು. ಯಾದಿಯ ಹಿಂದಿನ ದಿನ ಇಂಜಿನಿಯರ್ ಬಂದ. ಯಂತ್ರ ನಿಧಾನವಾಗಿದೆ ಎಂದು ಚೇರ್ಮನ್ನರು ಹೇಳಿಕಳಿಸಿದ್ದರಂತೆ. ಪರದೆಯ ಒಳಗೆ ಚಪ್ಪಲಿ ಸಮೇತ ಹೋಗಿ ಏನೇನೋ ತೆಗೆದು ಹಾಕಿ ನೋಡಿದ. ಮಧ್ಯದಲ್ಲಿ ಬಸ್ಸಿನ ವೇಳೆಯಾಯಿತೆಂದು ಎದ್ದು, ಕೇಳಿದವರಿಗೆಲ್ಲ ಎಲ್ಲಾ ಸರಿಯಿದೆ ಎಂದು ಹೇಳಿ ಹೊರಟೇಹೋದ. ನಮ್ಮ ಕಾಕಾ ಅವನು ಬಂದ ವೇಳೆ, ಹೋದ ವೇಳೆ ಎರಡನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಮನುಷ್ಯರನ್ನೂ ಅವರು ಆವಕ ಜಾವಕದಲ್ಲಿ ಹಿಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿ ಯಾದಿ ಬಿಟ್ಟದ್ದಷ್ಟೇ, ರಾಮದುರ್ಗ ಶಾಖೆಯ ಗುಮಾಸ್ತರ ಫೋನು ಬಂತು. "ಅಕ್ಕೋರ, ಯಾದಿ ಬರವಲ್ದು. ಎಲ್ಲಿ ನೋಡಿದ್ರ ಅಲ್ಲಿ ಡಾಲರ್ ಗುರ್ತು ಬರಾಕತ್ತಾವು. ನಮ್ಮ ಹುಡಿಗ್ಯಾರು ಹಾಸ್ಟೆಲ್ಲಿಗಿ ಅರ್ಜಿ ಹಾಕ್ಯಾರೋ ಪರದೇಶಕ್ಕ ಹಾಕ್ಯಾರೋ?" ಸವದತ್ತಿಯಿಂದಲೂ ಅದೇ ಮಾತು. ಕಿತ್ತೂರಿನಲ್ಲಿ ನಲವತ್ತು ಮಂದಿ ಪಾಲಕರು ಒಂದೇ ಕಂಪ್ಯೂಟರಿನ ಮುಂದೆ ನಿಂತಿದ್ದರು. ದುಭಾಷಿ ಬಂದಿರಲಿಲ್ಲ, ಯಂತ್ರದೊಳಗಿನ ಗುಮಾಸ್ತ ಡಾಲರ್ ಗುರುತುಗಳೇ ತುಂಬಿದ ಆ ಪರಭಾಷೆಯ ಚೀಟಿಯನ್ನೇ ಇದ್ದ ಹಾಗೆ ಎತ್ತಿ ಕೊಡುತ್ತಿದ್ದ.

ನನ್ನ ಅವಸ್ಥೆ ಏನು ಹೇಳಲಿ. ಯಂತ್ರವನ್ನು ಎರಡು ಸಲ ನಿಲ್ಲಿಸಿ ಚಾಲೂ ಮಾಡಿದೆ. ಮಾಡ್ಯೂಲ್ ಕೆಟ್ಟಿರಬೇಕೆಂದು ಸಿ.ಡಿ. ಹುಡುಕಿ ಮತ್ತೆ ತುಂಬಿದೆ. ಅದು ಕೆಟ್ಟಿರಲೇ ಇಲ್ಲ. ಮನೆಯಲ್ಲಿ ಆರಾಮಾಗಿ ಕುಳಿತವನನ್ನು ದವಾಖಾನೆಗೆ ಹೊತ್ತುಕೊಂಡು ಹೋದ ಹಾಗಾಯಿತು. ದೋಷಗಳನ್ನು ಬರೆದಿಡುವ ಫೈಲು ನೋಡಿದೆ, ಅಲ್ಲಿ ಒಂದು ಚಕಾರವೂ ಇರಲಿಲ್ಲ. ಕೊನೆಗೆ ದೊಡ್ಡ ಫೈಲಿನಲ್ಲಿ ಬರಹ ತಪ್ಪಿದೆಯೇ ಎಂದು ಯಂತ್ರವನ್ನೇ ಕೇಳುವ ಆಜ್ಞೆ ಕೊಟ್ಟೆ. 'ಸಿಂಟ್ಯಾಕ್ಸ್ ಓಕೆ' ಎಂದಿತು. ಬರಹದಲ್ಲಿ ತಪ್ಪಿಲ್ಲ ಎಂದು ಯಂತ್ರವೇ ಹೇಳಿದ್ದನ್ನು ನನ್ನ ಈ ಎರಡು ಕಣ್ಣುಗಳಿಂದ ನೋಡಿದೆ.

ಚೇರ್ಮನ್ನರು ಬಂದು ನಿಂತರು, ಹುಬ್ಬಳ್ಳಿಗೆ ಫೋನ್ ಹಚ್ಚಿಸಿದರು. ಫೋನಿನ ಸ್ಪೀಕರ್ ಹಾಕಿದ್ದರಿಂದ ಕೋಣೆಗೆಲ್ಲ ಕೇಳುತ್ತಿತ್ತು. ಇಂಜಿನಿಯರ್ ಫೈಲಿನ ಮೊದಲ ಸಾಲಿನಿಂದ ಓದಲು ಹೇಳಿದ. ನಾನು ಓದಿದೆ: ಹ್ಯಾಶ್, ಶ್ರೀ. ಆ ಕಡೆಯಿಂದ ಮೊದಲು ನಗು ಬಂತು.

"ಅಲ್ರಿ ಮೇಡಂ, ಇದು ಸರ್ವರ್ ಐತಿ, ಲಗ್ನಪತ್ರಿಕಿ ಅಲ್ಲ. ದೇವರ ಹೆಸರು ಬರದು ಕುಂತ್ರ ಹೆಂಗ ನಡೀಬೇಕು ಅದು? ತಗೀರಿ ಅದನ್ನ ಮೊದಲ."

ಚೇರ್ಮನ್ನರೂ ನಕ್ಕರು. ಕಾಕಾ ಕಡೆ ಬೆರಳು ಮಾಡಿ, ನಗುತ್ತಲೇ ಹೊರಟುಹೋದರು. ಕಾರಣ ಸಿಕ್ಕಿತಲ್ಲ, ಇನ್ನೇನು ಬೇಕು. ಕಾಯಿ ಒಡೆದು ಕೀಬೋರ್ಡಿಗೆ ಅದರ ನೀರು ಕುಡಿಸಿದವನು ಶ್ರೀಗೆ ನಗುತ್ತಾನೆ, ಉದ್ಘಾಟನೆಯ ದಿನ ಪಕ್ಕದಲ್ಲೇ ನಿಂತು ಕೈಮುಗಿದಿದ್ದ ಚೇರ್ಮನ್ನರು ಅದಕ್ಕೆ ತಾಳ ಹಾಕುತ್ತಾರೆ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಾನು ಶ್ರೀ ಅಳಿಸಿದೆ. ಯಂತ್ರ ನಿಲ್ಲಿಸಿ ಚಾಲೂ ಮಾಡಿದೆ. ಡಾಲರುಗಳು ಇದ್ದಲ್ಲೇ ಇದ್ದವು. ಅಷ್ಟರಲ್ಲಿ ಫೋನು ಇಟ್ಟಾಗಿತ್ತು, ನೋಡಲು ಉಳಿದವರು ನಾವಿಬ್ಬರೇ.

ಕಾಕಾ ಕಪಾಟು ತೆಗೆದು ದಾರ ಬಿಚ್ಚಿ, ಆ ಉದ್ದ ಕಾಗದವನ್ನು ಮೇಜಿನ ಮೇಲೆ ಹರವಿ, ಕೆಂಪು ಪೆನ್ಸಿಲ್ ತೆಗೆದರು. "ನೀವು ಮಶೀನಿನಾಗಿಂದು ಓದ್ರಿ, ನಾ ಟಿಕ್ ಹಾಕತೇನಿ." ನನಗೆ ಹುಚ್ಚೆನಿಸಿತು. ಸಾವಿರ ಸಾಲಿನ ಫೈಲು, ಹೊರಗೆ ಫೋನು ಬಡಿದುಕೊಳ್ಳುತ್ತಿದೆ. ಆದರೂ ಬೇರೆ ದಾರಿ ಇರಲಿಲ್ಲ. ಓದತೊಡಗಿದೆ. ಕಾಮಾ ಬಂದರೆ ಕಾಮಾ, ಕಿಡಕಿ ಬಂದರೆ ಕಿಡಕಿ. ನಾಲ್ಕನೆಯ ಹಾಳೆಯಲ್ಲಿ ಬಾಯಿ ಒಣಗಿದ ಹೊತ್ತಿಗೆ, "ಕಿಡಕಿ, ಲೋಡ್ ಮಾಡ್ಯೂಲ್, ಪಿಎಚ್‌ಪಿ" ಎಂದೆ. ಪೆನ್ಸಿಲ್ ನಿಂತಿತು.

"ಇನ್ನೊಮ್ಮೆ ಓದ್ರಿ ಅಕ್ಕೋರ."

ಓದಿದೆ.

"ನಮ್ಮ ಕಾಗದದಾಗ ಈ ಸಾಲಿಗೆ ಕಿಡಕಿ ಇಲ್ರಿ."

ದುಭಾಷಿಯನ್ನು ಕರೆಯಬೇಕಾದ ಸಾಲು ಅದೇ. ಹಿಂದಿನ ದಿನ ಇಂಜಿನಿಯರ್ ಏನೋ ಪರೀಕ್ಷೆ ಮಾಡಲು ಅದರ ಮುಂದೆ ಕಿಡಕಿ ಹಾಕಿದ್ದ, ಬಸ್ಸಿನ ಅವಸರದಲ್ಲಿ ತೆಗೆಯಲು ಮರೆತಿದ್ದ. ಯಂತ್ರ ಆ ಫೈಲನ್ನು ಓದುವುದು ಚಾಲೂ ಆಗುವಾಗ ಮಾತ್ರ, ಹೀಗಾಗಿ ಆ ದಿನ ಯಾರಿಗೂ ಗೊತ್ತಾಗಲಿಲ್ಲ. ಫೈಲು ಕೊನೆಯ ಸಲ ತಿದ್ದಿದ ವೇಳೆಗಳನ್ನು ನೋಡಿದೆವು. ನಾನು ಆಗಷ್ಟೇ ಶ್ರೀ ಅಳಿಸಿದ್ದು ಮೇಲೆಯೇ ಇತ್ತು. ತಿದ್ದುವಾಗ ಯಂತ್ರ ತಾನಾಗಿ ಉಳಿಸಿಟ್ಟಿದ್ದ ಹಿಂದಿನ ಪ್ರತಿಯ ಮೇಲಿದ್ದ ವೇಳೆ ಕಾಕಾನ ರಿಜಿಸ್ಟರಿನಲ್ಲಿ ಅವನು ಹೋದ ವೇಳೆಗಿಂತ ಐದು ನಿಮಿಷ ಮೊದಲಿನದು.

ಆ ಒಂದು ಗುರುತನ್ನು ಅಳಿಸಿದೆ. ಚಾಲೂ ಮಾಡಿದೆ. ಯಾದಿ ಬಂತು. ರಾಮದುರ್ಗದ ಗುಮಾಸ್ತರು ಫೋನಿನಲ್ಲಿ ಹೆಸರುಗಳನ್ನು ಓದುತ್ತಿದ್ದರೆ ಹಿಂದೆ ಹುಡುಗಿಯೊಬ್ಬಳು ಕಿರುಚಿದ್ದು ನಮಗೂ ಕೇಳಿಸಿತು. ಕಾಕಾ ಕಾಗದದ ಆ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಂಗತಿಯನ್ನು ಎರಡು ಮಾತಿನಲ್ಲಿ ಬರೆದು, 'ತಾಳೆ ನೋಡಿದವರು' ಎಂಬಲ್ಲಿ ಸಹಿ ಮಾಡಿದರು. 'ಓದಿದವರು' ಎಂದು ಬರೆದು ನನ್ನ ಕಡೆ ಸರಿಸಿದರು.

"ನಾಳಿ ಮಾಡತೇನ್ರಿ ಕಾಕಾ, ಬಸ್ ಹೋಗತೈತಿ," ಎಂದೆ.

ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು. ಅದೇ ವಾರ ನನ್ನ ನೌಕರಿಯ ಕಾಗದ ಚೇರ್ಮನ್ನರ ಮೇಜಿನ ಮೇಲಿತ್ತು. ಅವರು ನಕ್ಕು ಮುಗಿಸಿದ ವಿಷಯಕ್ಕೆ ವಿರುದ್ಧವಾಗಿ ಸಹಿ ಹಾಕುವ ಧೈರ್ಯ ನನಗಿರಲಿಲ್ಲ. ಕಿಡಕಿಯ ಪಾಠ ಹೇಳಿಕೊಟ್ಟವಳು ನಾನೇ ಎಂದು ಹೊರಬಿದ್ದರೆ ಏನು ಗತಿ ಎಂಬ ಹೆದರಿಕೆ ಬೇರೆ.

ಮುಂದಿನ ವಾರ ಕಂಪನಿಯಿಂದ ಇಂಗ್ಲಿಷಿನಲ್ಲಿ ಪತ್ರ ಬಂತು. ನೌಕರರು ಫೈಲಿನಲ್ಲಿ ಅನಧಿಕೃತ ಧಾರ್ಮಿಕ ಬರವಣಿಗೆ ಸೇರಿಸಿದ್ದರಿಂದ ದೋಷ ಉಂಟಾಯಿತು, ತಮ್ಮ ಇಂಜಿನಿಯರರ ಮಾರ್ಗದರ್ಶನದಲ್ಲಿ ಸರಿಪಡಿಸಲಾಯಿತು. ಮಾರ್ಗದರ್ಶನವಂತೆ. ಚೇರ್ಮನ್ನರು ಅದನ್ನು ಎಲ್ಲರ ಸಭೆಯಲ್ಲಿ ಓದಿ ಕನ್ನಡದಲ್ಲೂ ಹೇಳಿದರು.

"ಅಡಿವೆಪ್ಪಾ, ನಿನ್ನ ಶ್ರೀ ನಮ್ಮ ಸರ್ವರಿನ ಜೀವಾ ತಗೀತಲ್ಲೋ."

ತಮಗಿಂತ ಹಿರಿಯರಿಗೆ ಏಕವಚನ. ಸಭೆ ಗೊಳ್ಳೆಂದಿತು. ಕಾಕಾ ಎದ್ದು ನಿಂತು, "ಹೌದ್ರಿ, ಶ್ರೀ ನಾನ ಬರದೀನ್ರಿ," ಎಂದರು. ಮಾಡಿದ್ದನ್ನಷ್ಟೇ ಒಪ್ಪಿದರು, ಮಾಡದ್ದನ್ನು ಒಪ್ಪಲಿಲ್ಲ. ಆ ವ್ಯತ್ಯಾಸ ಸಭೆಗೆ ತಿಳಿಯಲಿಲ್ಲ. ಒಮ್ಮೆ ನನ್ನ ಕಡೆ ನೋಡಿದರು. ನಾನು ನನ್ನ ಸೀರೆಯ ನಿರಿಗೆ ನೋಡಿಕೊಂಡೆ. ಅವರ ಹತ್ತಿರ ಇದ್ದದ್ದು ಒಂದೇ ಸಹಿಯ ಕಾಗದ, ಅಂಥದ್ದನ್ನು ಅವರು ಯಾರ ಮುಂದೂ ಹಿಡಿಯುವವರಲ್ಲ.

ಅವರನ್ನು ರಾಮದುರ್ಗ ಶಾಖೆಗೆ ವರ್ಗ ಮಾಡಿದರು, ಟಪಾಲು ನೋಡಿಕೊಳ್ಳಲು. ಕಂಪ್ಯೂಟರ್ ಮುಟ್ಟಕೂಡದು ಎಂದು ಆದೇಶದಲ್ಲೇ ಇತ್ತು. ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಆ ಎರಡೂವರೆ ವರ್ಷ ಅವರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು, ಹುಡುಗಿಯರಿಗೆ ತಪ್ಪಲಿ ಎಂದು ನಾವು ಸರ್ವರ್ ತಂದೆವಲ್ಲ, ಆ ದಾರಿಯ ಬಸ್ಸುಗಳನ್ನೇ ಹತ್ತಿ ಇಳಿದರು. ಹೋಗುವ ದಿನ ಆ ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. "ಫೈಲಿಗೆ ಹಚ್ಚಬೇಕಂದ್ರ ನಿಮ್ಮ ಸಹಿ ಬೇಕಿತ್ರಿ. ಇರ್ಲಿ, ನಿಮ್ಮ ಹಂತೇಕ ಇರ್ಲಿ."

ಬೈದಿದ್ದರೆ ಚೆನ್ನಾಗಿತ್ತು. ನನ್ನ ನೌಕರಿ ಮುಂದುವರಿಯಿತು, ಎರಡು ವರ್ಷಕ್ಕೆ ಕಾಯಂ ಆಯಿತು. ಕಾಯಂ ಆದ ಮೇಲೆ ಹೇಳಬಹುದಿತ್ತು, ಯಾರ ಹಂಗೂ ಇರಲಿಲ್ಲ. ಹೇಳಲಿಲ್ಲ. ಆಗ ಅದು ಹಳೆಯ ಮಾತಾಯಿತು ಎಂದುಕೊಂಡೆ. ನೋಡಿ, ಬೆಳಗಿನಿಂದ ಇಂಜಿನಿಯರನಿಗೆ ಬೈಯುತ್ತಿದ್ದೇನೆ, ಚೇರ್ಮನ್ನರಿಗೆ ಬೈಯುತ್ತಿದ್ದೇನೆ. ಅವರು ಬಯ್ಯಿಸಿಕೊಳ್ಳಲು ಲಾಯಕ್ಕಾದವರೇ, ಒಂದು ಮಾತನ್ನೂ ಹಿಂದೆಗೆಯುವುದಿಲ್ಲ. ಆದರೆ ಸಿಟ್ಟಿನ ದೊಡ್ಡ ಪಾಲು ಯಾರ ಮೇಲಿನದು ಎಂದು ನಿಮಗಾಗಲೇ ಗೊತ್ತಾಗಿರಬೇಕು.

ಟ್ರಂಕಿನ ತಳದಿಂದ ಕಟ್ಟು ತೆಗೆದೆ. ಕಾಗದ ಹಳದಿಯಾಗಿದೆ, ಅಕ್ಷರ ಮಾಸಿದೆ, ಕೆಂಪು ಗೆರೆ ಮಾತ್ರ ಹಾಗೇ ಇದೆ. ಮೊದಲ ಹಾಳೆಯ ನೆತ್ತಿಯ ಮೇಲೆ ಕಿಡಕಿ, ಕಿಡಕಿಯ ಹಿಂದೆ ಶ್ರೀ. 'ಓದಿದವರು' ಎಂಬಲ್ಲಿ ಸಹಿ ಮಾಡಿದೆ. ತಾರೀಖು ಹಾಕುವಾಗ ಕೈ ಸುಮ್ಮನೆ ಅವತ್ತಿನ ತಾರೀಖಿನ ಕಡೆ ಹೊರಟಿತು. ಪಕ್ಕದಲ್ಲೇ ಕಾಕಾನ ಸಹಿಯ ಕೆಳಗೆ ಅದು ಇದ್ದೇ ಇತ್ತು, ನೋಡಿ ಬರೆದರಾಗಿತ್ತು. ಹಿಂದಿನ ತಾರೀಖು ಹಾಕಿ ತಂದ ಅರ್ಜಿಗಳನ್ನು ಅವರು ಮಾತಿಲ್ಲದೆ ವಾಪಸು ತಳ್ಳುತ್ತಿದ್ದದ್ದು ನೆನಪಾಯಿತು. ಇವತ್ತಿನದನ್ನೇ ಬರೆದೆ. ಎರಡು ಸಹಿಗಳ ನಡುವೆ ಎಷ್ಟು ವರ್ಷ ಹೋಗಿದೆ ಎಂದು ಯಾರು ಬೇಕಾದರೂ ಕಳೆದು ನೋಡಬಹುದು.

ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮೊದಲ ಸಾಲಿನಲ್ಲಿ ಶ್ರೀ ಎಂದು ಬರೆದು, ಅದರ ಕೆಳಗೆ ಇಷ್ಟೇ ಬರೆದೆ: ಆ ಕ್ಲಾರ್ಕ್ ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದವನು ಇಂಜಿನಿಯರ್, ಅದನ್ನು ಕಂಡುಹಿಡಿದವರು ಅಡಿವೆಪ್ಪನವರು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು.

ನಗುವ ಮುಖಗಳು ಬರಲಿಲ್ಲ. ಚಹಾದ ಲೋಟ ತೊಳೆದಿಟ್ಟು ಬಂದಾಗ ಫೋನು ಒಮ್ಮೆ ನಡುಗಿತು. ಕೈಮುಗಿದ ಚಿತ್ರವಿರಲಿಲ್ಲ, ಒಂದೊಂದು ಅಕ್ಷರ ಹುಡುಕಿ ಒತ್ತಿದ ಎರಡು ಸಾಲು ಇತ್ತು.

"ಅಕ್ಕೋರ, ನಿಮ್ಮ ಕಾಗದ ಮುಟ್ಟಿತು. ಇವತ್ತಿನ ತಾರೀಖಿಗೆ ಆವಕದಾಗ ಬರಕೊಂಡೇನಿ."